ಲೈಸೆನ್ಸ್ ಇದೆ, ಬಂದೂಕಿದೆ, ಮದ್ದು ಮಾತ್ರ ಸಿಗುತ್ತಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಚಿತ್ರದುರ್ಗ ತಾಲ್ಲೂಕಿನವನು. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿರುವ ಒಂದು ಸಣ್ಣ ಹಳ್ಳಿಯ ರೈತ. 4 ಎಕರೆ ಮಳೆ ನಂಬಿದ ಹೊಲ, 1 ಎಕರೆ ಅಡಿಕೆ. ಮೆಕ್ಕೆಜೋಳ, ಶೇಂಗಾ ಬೆಳೆಯುತ್ತೇನೆ. ನಮ್ಮ ಮನೆಯಲ್ಲಿ ಒಂದು ಬಂದೂಕಿದೆ, ಅಪ್ಪನ ಕಾಲದ್ದು. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಇದೆ. ಅಪ್ಪ ಹೋದ ಮೇಲೆ ಅದು ನನ್ನ ಹೆಸರಿಗೆ ಆಗಿದೆ, ನವೀಕರಣ ಒಂದು ಸಲವೂ ತಪ್ಪಿಲ್ಲ. ಇಷ್ಟೆಲ್ಲ ಮೊದಲೇ ಹೇಳಲು ಒಂದು ಕಾರಣವಿದೆ. ಪತ್ರಿಕೆಗಳಲ್ಲಿ ‘ನಾಡಬಂದೂಕು’ ಅಂತ ಬಂದರೆ ಸಾಕು, ಓದಿದವರು ಕಳ್ಳಬೇಟೆ, ಅಕ್ರಮ, ಕೇಸು ಅಂತಲೇ ಅಂದುಕೊಳ್ಳುತ್ತಾರೆ. ನಮ್ಮ ಕೈಲಿರುವುದೂ ಅದೇ ಜಾತಿಯ ಬಂದೂಕು. ಬಾಯಿಂದ ಮದ್ದು ತುಂಬಿ, ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಟೊಪ್ಪಿ) ಹಾಕಿ ಹೊಡೆಯುವಂಥದ್ದು. ಲೈಸೆನ್ಸ್ ಪುಸ್ತಕದಲ್ಲಿ ಅದಕ್ಕೆ ಎಸ್‌ಬಿಎಂಎಲ್ ಅಂತ ಬರೆದಿರುತ್ತಾರೆ. ಒಂಟಿ ನಳಿಗೆ, ಬಾಯಿಂದ ತುಂಬುವುದು ಅಂತ ಅರ್ಥ. ಅದು ಕಾನೂನು ಒಪ್ಪಿದ ಬಂದೂಕು. ದಯವಿಟ್ಟು ಸುದ್ದಿ ಬರೆಯುವಾಗ ‘ಲೈಸೆನ್ಸ್ ಇಲ್ಲದ’ ಅನ್ನುವ ಎರಡು ಪದ ಸೇರಿಸಿ. ಅಷ್ಟು ಸೇರಿಸಿದರೆ ನಮ್ಮಂಥವರು ಊರಲ್ಲಿ ತಲೆ ಎತ್ತಿ ಓಡಾಡಬಹುದು.

ಈ ಪತ್ರ ಬರೆಯುತ್ತಿರುವುದು ಮದ್ದಿನ ವಿಷಯಕ್ಕೆ. ಬಂದೂಕಿನ ಕರಿಮದ್ದು ಸಿಗುತ್ತಿಲ್ಲ. ಸಿಕ್ಕರೂ ಕೈಗೆಟಕುವ ರೇಟಿಗೆ ಸಿಗುತ್ತಿಲ್ಲ. ಅದಕ್ಕೇ ನಮ್ಮ ಕಡೆ ಜನ ಮಾಡಬಾರದ್ದನ್ನು ಮಾಡುತ್ತಿದ್ದಾರೆ. ಅದನ್ನು ನೋಡಿ ನೋಡಿ ಸುಮ್ನೆ ಕೂರಲಾಗದೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಮದ್ದು ತರಲು ಬೇರೆ ಜಿಲ್ಲೆಗೆ ಹೋಗಿದ್ದೆ. ಬೆಳಗ್ಗೆ 6ರ ಬಸ್ಸಿಗೆ ಹೊರಟು, ಎರಡು ಬಸ್ ಬದಲಿಸಿ, ಅಂಗಡಿ ಮುಟ್ಟಿದಾಗ ಮಧ್ಯಾಹ್ನ. ಅಂಗಡಿಯವರು ಒಳ್ಳೆಯವರೇ. ಲೈಸೆನ್ಸ್ ಪುಸ್ತಕ ನೋಡಿದರು, ರಿಜಿಸ್ಟರ್ ತೆಗೆದರು, ಆಮೇಲೆ ‘ಅರ್ಧ ಕೆಜಿ ಆಗಲ್ಲ, ಇರುವುದೇ ಇಷ್ಟು, ಎಲ್ಲರಿಗೂ ಹಂಚಬೇಕು’ ಅಂದರು. ಕಾಲು ಕೆಜಿ ಕೊಟ್ಟರು. ಕೇಪು ಒಂದೇ ಡಬ್ಬಿ. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ ಎಲ್ಲ ಸೇರಿಸಿದರೆ ಮದ್ದಿನ ಬೆಲೆಗಿಂತ ಅದನ್ನು ತಂದ ಖರ್ಚೇ ಜಾಸ್ತಿ. ಒಂದು ಈಡಿಗೆ 4–5 ಗ್ರಾಂ ಅಂತ ಹಿಡಿದರೆ ಕಾಲು ಕೆಜಿ ಅಂದರೆ 50–60 ಈಡು. ತೆನೆ ಕಟ್ಟಿದ ಮೇಲೆ ಹಂದಿ ಹಿಂಡು ಇಳಿಯುವ ಕಾಲದಲ್ಲಿ ರಾತ್ರಿಗೆ ಎರಡು ಮೂರು ಸಲ ಹೊಡೆಯಬೇಕಾಗುತ್ತದೆ. ಲೆಕ್ಕ ಹಾಕಿ, ಒಂದು ತಿಂಗಳಿಗೂ ಬರಲ್ಲ.

ಹೊಡೆಯುವುದು ಅಂದರೆ ಹಂದಿಯನ್ನಲ್ಲ. ಇದನ್ನೂ ಬಿಡಿಸಿ ಹೇಳಬೇಕು. ಕಾಡುಹಂದಿಯನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ನವಿಲು, ಕರಡಿಯ ಮಾತಂತೂ ಬೇಡವೇ ಬೇಡ, ಅವೆರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಜೋಗಿಮಟ್ಟಿ ಈಗ ವನ್ಯಧಾಮ. ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತಲೇ ರಂಗಯ್ಯನದುರ್ಗ ವನ್ಯಧಾಮವಿದೆ. ಅಲ್ಲಿನ ಅಂಚಿನ ರೈತರ ಪಾಡೂ ನಮ್ಮದೇ. ನಾವು ಹೊಡೆಯುವುದು ಆಕಾಶಕ್ಕೆ, ಚರೆ (ಸಣ್ಣ ಗುಂಡು) ಹಾಕದೆ, ಬರೀ ಮದ್ದಿನ ಈಡು. ಆ ಸದ್ದಿಗೆ ಹಿಂಡು ಹೊಲ ಬಿಟ್ಟು ಓಡುತ್ತದೆ. ಡಬ್ಬಿ ಬಡಿದರೆ, ಕೂಗಿದರೆ, ಟಾರ್ಚ್ ಬಿಟ್ಟರೆ ಮೊದಲ ವಾರ ಹೆದರುತ್ತವೆ. ಆಮೇಲೆ ತಿನ್ನುತ್ತಲೇ ಇರುತ್ತವೆ. ಬಂದೂಕಿನ ಸದ್ದಿಗೆ ಮಾತ್ರ ಇವತ್ತಿಗೂ ಅಂಜುತ್ತವೆ. ಹಂದಿ ಮೆಕ್ಕೆಜೋಳ ತಿನ್ನುವುದನ್ನು ನೋಡಿದ್ದೀರಾ? ಒಂದು ತೆನೆ ತಿನ್ನಲು ಹತ್ತು ದಂಟು ಮುರಿಯುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಹೊಲದಲ್ಲಿ ಟ್ರ್ಯಾಕ್ಟರ್ ಉರುಳಿದ ಹಾಗೆ ಇರುತ್ತದೆ. ಶೇಂಗಾ ಆದರೆ ಸಾಲು ಸಾಲೇ ಉತ್ತು ಹಾಕಿರುತ್ತವೆ, ನಾವು ಕೀಳುವುದಕ್ಕಿಂತ ಚೊಕ್ಕವಾಗಿ.

ಈಗ ವಿಷಯಕ್ಕೆ ಬರುತ್ತೇನೆ. ಮದ್ದು ಸಿಗದಿದ್ದಾಗ ಜನ ಏನು ಮಾಡುತ್ತಾರೆ? ಪಟಾಕಿ ಬಿಚ್ಚುತ್ತಾರೆ.

ನಮ್ಮ ಪಕ್ಕದ ಊರಿನ ಒಬ್ಬ ರೈತ, ನನಗಿಂತ ಹತ್ತು ವರ್ಷ ದೊಡ್ಡವರು, ಮಾಡಿದ್ದು ಇದನ್ನೇ. ದೀಪಾವಳಿಗೆ ತಂದು ಉಳಿದಿದ್ದ ಪಟಾಕಿಗಳನ್ನು ಬಿಡಿಸಿ, ಒಳಗಿನ ಬೆಳ್ಳಿ ಬಣ್ಣದ ಪುಡಿಯನ್ನು ಕಾಗದದಲ್ಲಿ ಕೂಡಿಟ್ಟು, ಅದನ್ನೇ ನಳಿಗೆಗೆ ಸುರಿದಿದ್ದರು. ನಾನು ಆ ರಾತ್ರಿ ನಮ್ಮ ಅಟ್ಟಣೆ ಮೇಲೆ ಕೂತಿದ್ದೆ. ಸದ್ದು ಕೇಳಿದ ಕೂಡಲೇ ಇದು ಬಂದೂಕಿನ ಸದ್ದಲ್ಲ ಅಂತ ಗೊತ್ತಾಯಿತು. ಮದ್ದಿನ ಈಡು ‘ಢಂ’ ಅಂತ ಎದೆಗೆ ತಟ್ಟುತ್ತದೆ, ಸ್ವಲ್ಪ ದಪ್ಪ ಸದ್ದು. ಇದು ‘ಫಟ್’ ಅಂತ ಕಿವಿ ಸೀಳಿತು. ಓಡಿ ಹೋಗಿ ನೋಡಿದರೆ ಅವರು ಬದುವಿನ ಮೇಲೆ ಕೂತಿದ್ದರು, ಎಡಗೈಯನ್ನು ಬಲಗೈಲಿ ಹಿಡಿದುಕೊಂಡು. ನಳಿಗೆ ಬುಡದ ಹತ್ತಿರ ಉದ್ದಕ್ಕೆ ಸೀಳಿ, ಬಾಳೆದಿಂಡಿನ ಸಿಪ್ಪೆ ಸುಲಿದ ಹಾಗೆ ತೆರೆದುಕೊಂಡಿತ್ತು. ಕೇಪು ಕೂರುವ ನಿಪ್ಪಲ್ ಎಲ್ಲಿಗೆ ಹಾರಿತೋ, ಬೆಳಗ್ಗೆ ಹುಡುಕಿದರೂ ಸಿಗಲಿಲ್ಲ. ಅದು ಅವರ ಕೆನ್ನೆ ಪಕ್ಕದಿಂದ ಹೋಗಿತ್ತು, ಗೀರಿದ ಗುರುತು ಇತ್ತು. ಎರಡು ಬೆರಳು ಹೋದವು. ಕಣ್ಣು ಉಳಿದಿದ್ದು ದೇವರ ದಯೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಒಂದೇ ಮಾತು, ‘ಅಂಗಡೀಲಿ ಮದ್ದು ಇಲ್ಲ ಅಂದ್ರು ಕಣಪ್ಪ, ತೆನೆ ನಿಂತಿತ್ತು, ಏನ್ ಮಾಡ್ಲಿ’.

ಓದುವ ರೈತರಿಗೆ ನಾನು ಕೈಮುಗಿದು ಹೇಳುತ್ತೇನೆ. ಪಟಾಕಿ ಪುಡಿ ಬಂದೂಕಿನ ಮದ್ದಲ್ಲ. ನೋಡಲು ಪುಡಿಯೇ, ಬೆಂಕಿ ಹಿಡಿಯುವುದೂ ಅದೇ, ಆದರೆ ಉರಿಯುವ ರೀತಿ ಬೇರೆ. ಬಂದೂಕಿನ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು. ಅದನ್ನು ಕಾರ್ಖಾನೆಯಲ್ಲಿ ಅರೆದು, ಗಟ್ಟಿಯಾಗಿ ಒತ್ತಿ, ಒಡೆದು, ಜರಡಿ ಹಿಡಿದು ಕಾಳು ಮಾಡಿರುತ್ತಾರೆ. ಅದು ಹಿಟ್ಟಲ್ಲ, ರವೆ. ಉಪ್ಪಿಟ್ಟು ರವೆ, ಚಿರೋಟಿ ರವೆ ಅಂತ ಇಲ್ವಾ, ಹಾಗೆಯೇ ಮದ್ದಿನಲ್ಲೂ ದಪ್ಪ, ಸಣ್ಣ ಇದೆ. ದಪ್ಪ ಕಾಳು ನಿಧಾನಕ್ಕೆ ಉರಿಯುತ್ತದೆ, ಸಣ್ಣದು ಬೇಗ. ಕಾಳಿನ ನಡುವಿನ ಸಂದಿಯಲ್ಲಿ ಬೆಂಕಿ ಹರಿದು, ಒತ್ತಡ ಒಂದು ಹದದಲ್ಲಿ ಏರಿ, ನಳಿಗೆಯ ಬಾಯಿ ಕಡೆಗೆ ತಳ್ಳುತ್ತದೆ. ಸದ್ದು ಮಾಡುವ ಪಟಾಕಿಯೊಳಗಿನ ಬೆಳ್ಳಿ ಪುಡಿಯಲ್ಲಿ ಅಲ್ಯೂಮಿನಿಯಂ ಇರುತ್ತದೆ. ಅದನ್ನು ಮಾಡಿರುವುದೇ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯಲು. ಅದಕ್ಕೆ ತಳ್ಳಲು ಬರಲ್ಲ, ಒಡೆಯಲು ಮಾತ್ರ ಬರುತ್ತದೆ. ಅಪ್ಪ, ಅಜ್ಜನ ಕಾಲದ ನಳಿಗೆ ಅದನ್ನು ತಡೆಯಲ್ಲ.

ಇನ್ನು ಕೆಲವರು ತೋಟಾ (ಕಾರ್ಟ್ರಿಜ್) ಬಿಚ್ಚಿ ಅದರೊಳಗಿನ ಪುಡಿ ಹಾಕುತ್ತಾರೆ. ಅದೂ ಅಷ್ಟೇ ಅಪಾಯ. 12 ಬೋರ್ (ನಳಿಗೆಯ ಅಳತೆ) ತೋಟಾದಲ್ಲಿ ಇರುವುದು ಹೊಗೆ ಬಾರದ ಮದ್ದು. ಅದರ ತಾಕತ್ತೇ ಬೇರೆ, ಕರಿಮದ್ದಿನ ಅಳತೆಯಲ್ಲಿ ಅದನ್ನು ಸುರಿದರೆ ಬಂದೂಕು ಬಾಂಬ್ ಆಗುತ್ತದೆ. ಮನೆಯಲ್ಲೇ ಮದ್ದು ಅರೆಯುತ್ತೇನೆ ಅನ್ನುವವರೂ ಇದ್ದಾರೆ. ಲೈಸೆನ್ಸ್ ಇಲ್ಲದೆ ಮದ್ದು ಮಾಡುವುದು ಅಪರಾಧ, 1884ರಿಂದ ಇರುವ ಸ್ಫೋಟಕ ಕಾಯ್ದೆ ಇವತ್ತಿಗೂ ಇದೆ. ಕಾನೂನು ಆಮೇಲೆ, ಮೊದಲು ಮನೆ ಮಂದಿ. ಅಡುಗೆ ಮನೆ ಪಕ್ಕದಲ್ಲಿ ಆ ಕೆಲಸ ಮಾಡಬೇಡಿ.

ಮದ್ದು ಯಾಕೆ ಸಿಗುತ್ತಿಲ್ಲ ಅಂತ ಅಂಗಡಿಯವರನ್ನು ಕೇಳಿದೆ. ಅವರು ಹೇಳಿದ್ದು ನನಗೆ ಸರಿ ಅನ್ನಿಸಿತು. ಬಾಯಿಂದ ತುಂಬುವ ಬಂದೂಕು ಇಟ್ಟುಕೊಂಡವರು ವರ್ಷ ವರ್ಷಕ್ಕೂ ಕಮ್ಮಿಯಾಗುತ್ತಿದ್ದಾರೆ. ಮುದುಕರು ಹೋದ ಮೇಲೆ ಮಕ್ಕಳು ಬಂದೂಕು ಒಪ್ಪಿಸಿಬಿಡುತ್ತಾರೆ. ಗಿರಾಕಿ ಇಲ್ಲದ ಮಾಲನ್ನು ತರಿಸಲು ಅಂಗಡಿಯವರಿಗೆ ಏನು ಆಸೆ? ಅದರ ಮೇಲೆ ಮದ್ದು ಇಡಲು ಬೇರೆ ಲೈಸೆನ್ಸ್, ಬೇರೆ ಕೋಣೆ, ಸಾಗಿಸಲು ಬೇರೆ ನಿಯಮ. ಇಷ್ಟೆಲ್ಲ ಮಾಡಿ ವರ್ಷಕ್ಕೆ ಮಾರುವುದು ಎಷ್ಟು ಕೆಜಿ? ಹಾಗಾಗಿ ತರಿಸುವುದನ್ನೇ ಬಿಡುತ್ತಾರೆ, ಇಲ್ಲ ಬೆಲೆ ಏರಿಸುತ್ತಾರೆ. ನಿಯಮ ಬಿಗಿ ಇರಬಾರದು ಅಂತ ನಾನು ಹೇಳಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕ ಸಿಡಿದಾಗ ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಗೂ ಅದುರಿದ್ದು ಎಷ್ಟೋ ಜನಕ್ಕೆ ನೆನಪಿರಬೇಕು. ಭೂಕಂಪ ಅಂತ ಜನ ಹೊರಗೆ ಬಂದಿದ್ದರು. ಅದಾಗಿ ಒಂದು ತಿಂಗಳಿಗೆ ಚಿಕ್ಕಬಳ್ಳಾಪುರದಲ್ಲೂ ಜೀವ ಹೋದವು. ಹಾಗಿರುವಾಗ ಸರ್ಕಾರ ಕಣ್ಣಿಡಲೇಬೇಕು. ಆದರೆ ಕ್ವಾರಿಯ ಲಾರಿ ಲೋಡಿಗೂ ರೈತನ ಕಾಲು ಕೆಜಿಗೂ ವ್ಯತ್ಯಾಸ ಇದೆ ಅಲ್ವಾ? ರಿಜಿಸ್ಟರ್‌ನಲ್ಲಿ ಹೆಸರು ಬರೆಸಿ, ಸಹಿ ಹಾಕಿ, ಲೈಸೆನ್ಸ್ ಪುಸ್ತಕದಲ್ಲಿ ಗ್ರಾಂ ಲೆಕ್ಕ ನಮೂದಿಸಿ ತರುವವನು ನಾನು.

ಈ ತೊಂದರೆ ನಮ್ಮ ದೇಶದ್ದು ಮಾತ್ರ ಅಂದುಕೊಂಡಿದ್ದೆ. ನನ್ನ ತಂಗಿ ಮಗ ಅಮೆರಿಕದಲ್ಲಿ ಕೆಲಸಕ್ಕಿದ್ದಾನೆ. ಅವನು ಹೇಳಿದಾಗ ಆಶ್ಚರ್ಯವಾಯಿತು. ಅಲ್ಲಿ ಬಾಯಿಂದ ತುಂಬುವ ರೈಫಲ್‌ನಲ್ಲಿ ಬೇಟೆಯಾಡುವವರಿಗೆ ಅಂತಲೇ ಎಷ್ಟೋ ರಾಜ್ಯಗಳಲ್ಲಿ ಬೇರೆ ಸೀಸನ್ ಇದೆಯಂತೆ. ಅಷ್ಟು ಜನ ಬಳಸುವ ದೇಶದಲ್ಲೂ ಕರಿಮದ್ದು ಮಾಡುತ್ತಿದ್ದ ದೊಡ್ಡ ಕಾರ್ಖಾನೆ ಒಂದೇ, ಲೂಸಿಯಾನ ರಾಜ್ಯದ ಮಿಂಡೆನ್‌ನಲ್ಲಿರುವ ಗೋಯೆಕ್ಸ್. 2021ರಲ್ಲಿ ಅದನ್ನು ಮುಚ್ಚುತ್ತೇವೆ ಅಂದಾಗ ಜನ ಗಾಬರಿಯಾಗಿ ಸಿಕ್ಕಷ್ಟು ಕೊಂಡು ಇಟ್ಟುಕೊಂಡರಂತೆ. 2022ರಲ್ಲಿ ಎಸ್ಟೆಸ್ ಎಂಬ ಕಂಪನಿ ಅದನ್ನು ಕೊಂಡು ಮತ್ತೆ ಶುರು ಮಾಡಿತು. ಕೇಪುಗಳಿಗೂ ಆಗ ಪರದಾಟವೇ. ಅಲ್ಲಿನವರಿಗೆ ಆಯ್ಕೆಗಳಾದರೂ ಇವೆ. ಕೇಪು ಸಿಗದಿದ್ದರೆ ಚಕಮಕಿ ಕಲ್ಲಿನ ರೈಫಲ್ ಹಿಡಿಯಬಹುದು, ಅದಕ್ಕೆ ಕೇಪೇ ಬೇಡ, ಕಲ್ಲಿನ ಕಿಡಿ ಸಾಕು. ಆದರೆ ಅದಕ್ಕೆ ಅಸಲಿ ಕರಿಮದ್ದೇ ಬೇಕು. ಪೈರೊಡೆಕ್ಸ್ ಥರದ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಜಾಸ್ತಿ ಬಿಸಿ ಕೇಳುತ್ತವೆ, ಚಕಮಕಿ ಕಿಡಿಗೆ ಬಗ್ಗುವುದಿಲ್ಲ. ಹೊಸ ಥರದ ರೈಫಲ್ ತಗೊಂಡರೆ ತೋಟಾಕ್ಕೆ ಹಾಕುವಂಥ ದೊಡ್ಡ ಪ್ರೈಮರ್ ಇರುತ್ತದೆ, ಅದರಲ್ಲಿ ಬದಲಿ ಮದ್ದು ಚೆನ್ನಾಗಿ ಉರಿಯುತ್ತದೆ. ಹೀಗೆ ಮದ್ದು ಯಾವುದು ಸಿಗುತ್ತೋ ಅದನ್ನು ನೋಡಿಕೊಂಡು ಬಂದೂಕು ಆರಿಸಿಕೊಳ್ಳುತ್ತಾರಂತೆ. ‘ಮಾವ, ಇಲ್ಲಿ ಮೊದಲು ಮದ್ದು ವಿಚಾರಿಸಿ ಆಮೇಲೆ ಬಂದೂಕು ತಗೋತಾರೆ’ ಅಂದ. ನಮ್ಮದು ಹಾಗಲ್ಲ. ನಮಗೆ ಆ ಬದಲಿ ಮದ್ದುಗಳು ಇಲ್ಲಿನ ಅಂಗಡಿಯಲ್ಲಿ ಸಿಗಲ್ಲ, ರೈಫಲ್ ಅಂತೂ ಬೆಳೆ ಕಾಯಲು ಕೊಡುವ ಬಂದೂಕೇ ಅಲ್ಲ. ರೈಫಲ್ ನಳಿಗೆಯ ಒಳಗೆ ಗೆರೆ ಇರುತ್ತದೆ, ನಮ್ಮದು ಗೆರೆ ಇಲ್ಲದ ನುಣುಪು ನಳಿಗೆ.

ಹಾಗಾದರೆ ನಮ್ಮ ಮುಂದೆ ಏನಿದೆ? ನನ್ನಂಥವರು ಈಗ ಇದನ್ನೇ ಯೋಚಿಸುತ್ತಿದ್ದೇವೆ. ಇರುವ ಕೇಪಿನ ಬಂದೂಕನ್ನೇ ಉಳಿಸಿಕೊಳ್ಳಬೇಕೋ, ತೋಟಾ ಹಾಕುವ ಒಂಟಿ ನಳಿಗೆ 12 ಬೋರ್‌ಗೆ ಬದಲಿಸಬೇಕೋ, ಇಲ್ಲ ಬಂದೂಕೇ ಬೇಡ ಅಂತ ಒಪ್ಪಿಸಿಬಿಡಬೇಕೋ.

ಕೇಪಿನ ಬಂದೂಕಿನ ಪರವಾಗಿ ಹೇಳಲು ನನಗೆ ಬಹಳ ಇದೆ. ಅದರಲ್ಲಿ ಎಷ್ಟು ಬೇಕೋ ಅಷ್ಟೇ ಮದ್ದು ಹಾಕಬಹುದು. ಹೆದರಿಸಲು ಸಾಕು ಅಂದರೆ ಬರೀ ಮದ್ದು, ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ (ನಳಿಗೆಗೆ ತೂರಿಸುವ ಸರಳು) ಎರಡು ಸಲ ಒತ್ತಿದರೆ ಆಯಿತು. ಅವಸರದಲ್ಲಿ ಹೊಡೆಯಲಾಗದ ಬಂದೂಕು ಅದು. ಮದ್ದು ಅಳೆಯಬೇಕು, ಸುರಿಯಬೇಕು, ಒತ್ತಬೇಕು, ಕೇಪು ಹಾಕಬೇಕು, ಕುದುರೆ (ಕೇಪಿಗೆ ಬಡಿಯುವ ಕೊಕ್ಕೆ) ಎಳೆಯಬೇಕು. ಅಷ್ಟು ಹೊತ್ತಿಗೆ ಮನುಷ್ಯನ ಸಿಟ್ಟು ಇಳಿದಿರುತ್ತದೆ. ಕಳ್ಳತನಕ್ಕೆ, ಜಗಳಕ್ಕೆ ಅದು ಆಗಿ ಬರುವ ಆಯುಧವಲ್ಲ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಅದರ ಕಷ್ಟವೂ ಗೊತ್ತು. ಕರಿಮದ್ದು ಉರಿದರೆ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ನೀರು ಕುಡಿಯುತ್ತದೆ. ರಾತ್ರಿ ಹೊಡೆದು ಹಾಗೇ ಗೋಡೆಗೆ ಒರಗಿಸಿದರೆ, ಅದರಲ್ಲೂ ಮಳೆಗಾಲದಲ್ಲಿ, ಮರುದಿನ ಸಂಜೆಗೆ ನಳಿಗೆ ಒಳಗೆ ಕೆಂಪು ತುಕ್ಕು. ಅಪ್ಪ ಎಷ್ಟೇ ಸುಸ್ತಾಗಿದ್ದರೂ ಬೆಳಗ್ಗೆ ಹಾಲು ಕರೆಯುವುದಕ್ಕೆ ಮೊದಲು ಬಂದೂಕು ತೊಳೆಯುತ್ತಿದ್ದರು. ಈಗ ನಾನು ತೊಳೆಯುತ್ತೇನೆ, ಮಗಳು ನೀರು ಕಾಯಿಸಿ ಕೊಡುತ್ತಾಳೆ. ಕೈ ಸುಡುವ ಹಾಗೆ ಕಾದ ನೀರು ನಳಿಗೆಗೆ ಸುರಿದರೆ ಕೆಳಗಿನ ರಂಧ್ರದಿಂದ ಮೊದಲು ಇಂಕಿನ ಥರ ಕಪ್ಪು ನೀರು ಬರುತ್ತದೆ, ಕೊಳೆತ ಮೊಟ್ಟೆ ವಾಸನೆ. ಮೂರನೇ ಚೆಂಬಿಗೆ ಬೂದಿ ಬಣ್ಣ, ಐದನೆಯದಕ್ಕೆ ತಿಳಿ ನೀರು. ನೀರು ಬಿಸಿ ಇದ್ದರೆ ಕಬ್ಬಿಣವೂ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಗಜಕ್ಕೆ ಹಳೇ ಪಂಚೆ ತುಂಡು ಸುತ್ತಿ ಎಣ್ಣೆ. ಆಯುಧ ಪೂಜೆ ದಿನ ಕುಂಕುಮ ಇಡುವಾಗ ನಳಿಗೆಯಲ್ಲಿ ಮುಖ ಕಾಣಬೇಕು ಅಂತ ಅಪ್ಪನ ಹಟ.

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಬಂದೂಕು ಒಪ್ಪಿಸಿದೆ. ಮಾರ್ಚ್‌ನಲ್ಲಿ ಕೊಟ್ಟಿದ್ದು, ಜೂನ್‌ನಲ್ಲಿ ವಾಪಸ್ ಬಂತು. ಎಣ್ಣೆ ಹಚ್ಚಿಯೇ ಕೊಟ್ಟಿದ್ದೆ. ಆದರೂ ನಿಪ್ಪಲ್ ಸುತ್ತ ತುಕ್ಕು ಕೂತು, ತೆಗೆಯಲು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಬೇಕಾಯಿತು. ಕೊಡುವುದಕ್ಕೆ ನನ್ನದೇನೂ ತಕರಾರಿಲ್ಲ. ಒಣಗಿದ ಜಾಗದಲ್ಲಿ ಇಡಿ ಅಂತ ಮಾತ್ರ ಕೇಳುತ್ತೇನೆ.

ಮದ್ದಿನ ಕೊರತೆಯಿಂದ ಇನ್ನೊಂದು ಅಪಾಯವಿದೆ. ಜನ ಹಳೇ ಮದ್ದನ್ನು ಉಳಿಸಿ ಉಳಿಸಿ ಬಳಸುತ್ತಾರೆ. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಕೆಡಲ್ಲ. ತೇವ ತಾಗಿದರೆ ಗಂಟು ಕಟ್ಟುತ್ತದೆ. ಅಂಥದ್ದನ್ನು ಹಾಕಿದರೆ ಕೇಪು ‘ಚಟ್’ ಅನ್ನುತ್ತದೆ, ಈಡು ಹಾರಲ್ಲ. ಆಗ ಬಗ್ಗಿ ನಳಿಗೆ ನೋಡುವುದು ಮನುಷ್ಯನ ಸ್ವಭಾವ. ನೋಡಬೇಡಿ. ಒಳಗೆ ಎಲ್ಲೋ ಕಿಡಿ ಕೂತಿದ್ದು, ಎರಡು ಮೂರು ಸೆಕೆಂಡು, ಒಮ್ಮೊಮ್ಮೆ ಇನ್ನೂ ತಡವಾಗಿ ಹಾರುವುದುಂಟು. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಅಲ್ಲಾಡದೆ ನಿಲ್ಲಿ. ಹೋದ ವರ್ಷ ನನಗೇ ಆಯಿತು. ‘ಚಟ್’ ಅಂದಿತು. ನಾನು ಮನಸ್ಸಿನಲ್ಲಿ ನೂರು ಎಣಿಸುತ್ತಾ ನಿಂತೆ, ಹಂದಿಗಳು ಮೂವತ್ತು ಅಡಿ ದೂರದಲ್ಲಿ ದಂಟು ಮುರಿಯುವ ಸದ್ದು ಕೇಳಿಸುತ್ತಿತ್ತು. ಅವತ್ತು ಅರ್ಧ ಎಕರೆ ಹೋಯಿತು.

ಇನ್ನು ತೋಟಾ ಬಂದೂಕು. ಅದಕ್ಕೆ ಮಸಿಯ ಕಾಟ ಇಲ್ಲ, ತೇವದ ಭಯ ಕಮ್ಮಿ. ಬಂದೂಕು ಬಿಹಾರದ ಮುಂಗೇರ್ ಕಡೆಯಿಂದ ಬರುತ್ತದೆ. ತೋಟಾ ಪುಣೆ ಹತ್ತಿರದ ಖಡಕಿಯ ಸರ್ಕಾರಿ ಕಾರ್ಖಾನೆಯಲ್ಲಿ ಆಗುತ್ತದೆ, ಶಕ್ತಿಮಾನ್ ಅಂತ ಹೆಸರು. ಆದರೆ ಬಂದೂಕಿಗೆ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆ ಎಮ್ಮೆ ಬರುತ್ತದೆ. ಒಂದೊಂದು ತೋಟಾದ ಬೆಲೆಯೂ ಮದ್ದಿನ ಒಂದು ಈಡಿಗಿಂತ ಎಷ್ಟೋ ಪಟ್ಟು. ಹೆದರಿಸಲು ಆಕಾಶಕ್ಕೆ ಹೊಡೆದರೂ ಅಷ್ಟೇ ಖರ್ಚು, ಜೊತೆಗೆ ಅದರೊಳಗಿನ ಚರೆ ಎಲ್ಲಿ ಬೀಳುತ್ತದೋ ಅನ್ನುವ ಯೋಚನೆ ಬೇರೆ. ಪಕ್ಕದ ಹೊಲದಲ್ಲೂ ಒಬ್ಬ ಕಾಯುತ್ತಾ ಕೂತಿರುತ್ತಾನಲ್ಲ. ಹಾಗಾಗಿ ಬಡ ರೈತನಿಗೆ, ಹೆದರಿಸುವ ಕೆಲಸಕ್ಕೆ, ನನ್ನ ಲೆಕ್ಕದಲ್ಲಿ ಕೇಪಿನ ಬಂದೂಕೇ ಸರಿ. ಮದ್ದು ಸಿಗುವ ಹಾಗಿದ್ದರೆ ನಾನು ಬದಲಿಸುವ ಮಾತೇ ಆಡುತ್ತಿರಲಿಲ್ಲ.

ಬದಲಿಸಲೇಬೇಕು ಅನ್ನುವವರಿಗೆ ಕಾನೂನಿನಲ್ಲಿ ದಾರಿ ಇದೆ. ಇದು ನನಗೂ ಗೊತ್ತಿರಲಿಲ್ಲ, ಒಬ್ಬ ವಕೀಲರು ತೋರಿಸಿದರು. 1959ರ ಆರ್ಮ್ಸ್ ಆಕ್ಟ್‌ನ 13ನೇ ಕಲಂನಲ್ಲಿ, ನಿಜವಾಗಿ ಬೆಳೆ ಕಾಯುವ ರೈತನಿಗೆ ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬೇಕು ಅಂತಿದೆ. ಅದರ ಕೆಳಗೇ, ಬೆಳೆ ಕಾಯಲು ಅಂಥ ಬಂದೂಕು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಕೊಡಬಹುದು ಅಂತ ಸೇರಿಸಿದ್ದಾರೆ. ಮದ್ದೇ ಸಿಗದ ಬಂದೂಕು ಸಾಲದು ಅಂತ ಬೇರೆ ಯಾವ ಸಾಕ್ಷಿ ಬೇಕು? ಆದರೆ ಅರ್ಜಿ ಹಿಡಿದು ಹೋದರೆ ಹೊಸ ಲೈಸೆನ್ಸ್ ಕೇಳುವವನ ಹಾಗೆ ಮೊದಲಿಂದ ಶುರು ಮಾಡಿ ಅನ್ನುತ್ತಾರೆ. 30 ವರ್ಷ ಒಂದು ದೂರೂ ಇಲ್ಲದೆ ಬಂದೂಕು ಇಟ್ಟುಕೊಂಡ ಮನೆಗೂ ಅದೇ ಅಲೆದಾಟ.

ಬಂದೂಕನ್ನೇ ಬಿಟ್ಟುಬಿಡಿ, ಬೇರೆ ಉಪಾಯ ನೋಡಿ ಅನ್ನುವವರಿಗೆ ಎರಡು ಮಾತು. ಸೋಲಾರ್ ಬೇಲಿ ಒಳ್ಳೆಯದೇ, ದುಡ್ಡಿದ್ದವರು ಹಾಕಿಸಿದ್ದಾರೆ. ದುಡ್ಡಿಲ್ಲದವರು ಏನು ಮಾಡುತ್ತಾರೆ ಗೊತ್ತಾ? ರಾತ್ರಿ ಕಂಬದಿಂದ ನೇರ ವೈರ್ ಎಳೆದು ತಂತಿಗೆ ಕರೆಂಟ್ ಕೊಡುತ್ತಾರೆ. ಹಂದಿ ಬದಲು ನೀರು ಕಟ್ಟಲು ಹೋದ ಮನುಷ್ಯರೇ ಸತ್ತ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ಸದ್ದು ಮಾಡುವ ಕಾರ್ಬೈಡ್ ಗನ್ ಅಂತ ಒಂದು ಬಂದಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಅದನ್ನೇ ನಮ್ಮ ಹುಡುಗರು ವಿಡಿಯೊ ನೋಡಿ ಮಾಡಿಕೊಂಡು ಹೊಲಕ್ಕೆ ತರುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಸಿಡಿಮದ್ದು. ಹಿಟ್ಟಿನ ಉಂಡೆಯೊಳಗೆ ಇಟ್ಟು ಹಂದಿ ದಾರಿಯಲ್ಲಿ ಹಾಕುತ್ತಾರೆ. ನಮ್ಮೂರಿನ ಒಂದು ಹಸು ಮೇಯುತ್ತಾ ಅದನ್ನು ಕಚ್ಚಿತು. ಕೆಳದವಡೆ ಜೋತು ಬಿದ್ದಿತ್ತು. ನಾಲಿಗೆ ಇರಲಿಲ್ಲ. ಅದು ಮನೆಗೆ ನಡೆದುಕೊಂಡೇ ಬಂತು, ತನ್ನ ಗೂಟದ ಹತ್ತಿರ ಬಂದು ನಿಂತಿತು. ನೀರಿನ ತೊಟ್ಟಿಗೆ ಮುಖ ಇಟ್ಟು ಕುಡಿಯಲು ನೋಡುತ್ತಿತ್ತು, ನೀರೆಲ್ಲ ಕೆಂಪಾಯಿತು. ಮೂರು ದಿನ ಬದುಕಿತ್ತು. ಆ ಸಿಡಿಮದ್ದು ಇಟ್ಟವರಿಗೆ ಎಲ್ಲಿಂದಲೋ ಮದ್ದು ಸಿಕ್ಕಿದೆ. ಲೈಸೆನ್ಸ್ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತ ನನಗೆ ಬೇಕಾದಷ್ಟು ಸಿಕ್ಕಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ನಮ್ಮ ಕೋಟೆ ಹತ್ತಿದವರು ನೋಡಿರಬಹುದು. ಒಳಗೆ ಹೋದರೆ ತಗ್ಗಿನಲ್ಲಿ ಕಟ್ಟಿದ ಜಾಗದಲ್ಲಿ 4 ದೊಡ್ಡ ಬೀಸುಕಲ್ಲುಗಳಿವೆ, ಒಂದೊಂದೂ ಮನುಷ್ಯ ತೋಳು ಚಾಚಿದರೂ ಸಾಲದಷ್ಟು ಅಗಲ. ಪಾಳೇಗಾರರ ಕಾಲದಲ್ಲಿ ಮದ್ದು ಬೀಸುತ್ತಿದ್ದ ಕಲ್ಲು ಅಂತ ತೋರಿಸುತ್ತಾರೆ. ಶಾಲೆಯಲ್ಲಿದ್ದಾಗ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. 1779ರಲ್ಲಿ ಕೋಟೆ ಹೈದರಾಲಿ ಕೈಸೇರುವವರೆಗೆ ಊರಿಗೆ ಬೇಕಾದ ಮದ್ದು ಇಲ್ಲೇ ಆಗುತ್ತಿತ್ತು ಅಂತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮೊನ್ನೆ ಮಗಳನ್ನು ಕರೆದುಕೊಂಡು ಹೋಗಿ ಆ ಕಲ್ಲು ತೋರಿಸಿದೆ. ‘ಹಾಗಾದ್ರೆ ನೀವ್ಯಾಕೆ ಎರಡು ಬಸ್ ಹತ್ತಿ ಹೋಗ್ತೀರ ಅಪ್ಪ’ ಅಂದಳು.

ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ. ಜಿಲ್ಲೆಯಲ್ಲಿ ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಇರುವವರು ಎಷ್ಟು ಜನ ಅಂತ ಅವರ ರಿಜಿಸ್ಟರ್‌ನಲ್ಲೇ ಇದೆ. ವರ್ಷಕ್ಕೆ ಒಟ್ಟು ಎಷ್ಟು ಮದ್ದು, ಎಷ್ಟು ಕೇಪು ಬೇಕು ಅಂತ ಅದರಿಂದಲೇ ಲೆಕ್ಕ ಸಿಗುತ್ತದೆ. ಅಷ್ಟನ್ನು ಮುಂಗಾರಿಗೆ ಮೊದಲೇ ಒಬ್ಬ ಲೈಸೆನ್ಸ್ ಇರುವ ಮಾರಾಟಗಾರರ ಹತ್ತಿರ, ಚಿತ್ರದುರ್ಗಕ್ಕೊಂದು, ದಾವಣಗೆರೆಗೊಂದು, ತರಿಸಿ ಇಡಿಸಲಿ. ನಿಗದಿ ದಿನ ಹೇಳಲಿ, ನಾವು ಪುಸ್ತಕ ತಂದು, ಸಹಿ ಹಾಕಿ, ನಮ್ಮ ಪಾಲು ಒಯ್ಯುತ್ತೇವೆ. ಕೊಟ್ಟ ಗ್ರಾಂ ಗ್ರಾಮಿಗೂ ಲೆಕ್ಕ ಕೇಳಲಿ, ಕೊಡುತ್ತೇವೆ. ಪೊಲೀಸ್ ಇಲಾಖೆಯವರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಒಳ್ಳೆಯ ಕೆಲಸ. ಅಲ್ಲಿ ನಮ್ಮ ಕೇಪಿನ ಬಂದೂಕಿನ ಬಗ್ಗೆ ಒಂದು ಗಂಟೆ ಹೇಳಿಕೊಡಲಿ. ಯಾವ ಪುಡಿ ಹಾಕಬಾರದು, ಈಡು ಹಾರದಿದ್ದರೆ ಏನು ಮಾಡಬೇಕು, ಮದ್ದಿನ ಡಬ್ಬಿ ಎಲ್ಲಿ ಇಡಬೇಕು, ಇಷ್ಟು ಸಾಕು. ಬೇಕಾದರೆ ನಾನೇ ನನ್ನ ಬಂದೂಕು ತಂದು ತೋರಿಸುತ್ತೇನೆ. ಬದಲಿಸುತ್ತೇವೆ ಅನ್ನುವವರ ಅರ್ಜಿಯನ್ನು 13ನೇ ಕಲಂ ನೋಡಿ, ಹಳೇ ಲೈಸೆನ್ಸಿನ ಲೆಕ್ಕದಲ್ಲೇ ಮುಗಿಸಿಕೊಡಲಿ.

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಜಮೀನು ಹೊಂದಿದವರಿಗೆ ಕೇಂದ್ರ ಸರ್ಕಾರ 2029ರವರೆಗೆ ಲೈಸೆನ್ಸೇ ಬೇಡ ಅಂತ ವಿನಾಯಿತಿ ಕೊಟ್ಟಿದೆ. ಅದು ಅವರ ಸಂಪ್ರದಾಯ, ನಾವು ಅದನ್ನು ಕೇಳುತ್ತಿಲ್ಲ. ಲೈಸೆನ್ಸ್ ಇರಲಿ, ನವೀಕರಣ ಇರಲಿ, ತಪಾಸಣೆ ಇರಲಿ.

ಬೆರಳು ಕಳೆದುಕೊಂಡ ಆ ರೈತರು ಹೋದ ವಾರ ಮನೆಗೆ ಬಂದಿದ್ದರು. ಉಳಿದ ಮೂರು ಬೆರಳಲ್ಲಿ ಟೀ ಲೋಟ ಹಿಡಿಯುವುದನ್ನು ಕಲಿತಿದ್ದಾರೆ. ನನ್ನ ಹತ್ತಿರ ಎಷ್ಟು ಮದ್ದು ಇದೆ ಅಂತ ಕೇಳಿದರು. ಡಬ್ಬಿ ತೆಗೆದು ಅಳೆದು ನೋಡಿದೆವು. 11 ಈಡಿಗೆ ಆಗುತ್ತದೆ. ಮೆಕ್ಕೆಜೋಳ ಹಾಲು ತುಂಬಲು ಇನ್ನು 20 ದಿನ ಇದೆ.

ಇಂತಿ,
ಕಾಡಂಚಿನ ಒಬ್ಬ ರೈತ
ಚಿತ್ರದುರ್ಗ ತಾಲ್ಲೂಕು